ಬೋಟು ದಡದಲ್ಲಿರುವಾಗಲೇ ಸ್ಕಾಲರ್‌ಶಿಪ್ ಕಾಗದ ಸರಿಮಾಡಿಕೊಳ್ಳಿ

ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲ್ ಬೋಟ್ ಕಡಲಿಗೆ ಇಳಿಯುವಂತಿಲ್ಲ. ಶಾಲೆ ಶುರುವಾಗುವುದೂ ಅದೇ ಹೊತ್ತಿಗೆ. ಕಾರವಾರದ ಬೈತಖೋಲ್ ಇರಲಿ, ಅಂಕೋಲೆಯ ಬೇಲೆಕೇರಿ ಇರಲಿ, ಬೋಟಿನ ದುಡಿಮೆ ನಂಬಿದ ಮನೆಯಲ್ಲಿ ಕೈ ಖಾಲಿ ಇರುವಾಗಲೇ ನೋಟ್‌ಬುಕ್ಕು, ಕೊಡೆ, ಬಸ್ ಪಾಸು. ಸರ್ಕಾರಿ ಶಾಲೆಯ ಪಠ್ಯಪುಸ್ತಕ, ಸಮವಸ್ತ್ರ, ಬಿಸಿಯೂಟಕ್ಕೆ ಅರ್ಜಿ ಬೇಕಿಲ್ಲ. ಸ್ಕಾಲರ್‌ಶಿಪ್ ಮಾತ್ರ ತಾನಾಗಿ ಬರುವುದಿಲ್ಲ. ಆದರೆ ಈ ಎರಡು ತಿಂಗಳು ಅಪ್ಪ ಮನೆಯಲ್ಲಿರುತ್ತಾನೆ, ಅವನ ಫೋನೂ ಇರುತ್ತದೆ. ಅದೇ ಅನುಕೂಲ.

ಮೊದಲು ಹೆಸರು. ಮಗುವಿನ ಆಧಾರ್ ಮತ್ತು ಶಾಲೆಯ ದಾಖಲೆ ಪಕ್ಕಪಕ್ಕ ಇಟ್ಟು ಒಂದೊಂದೇ ಅಕ್ಷರ ಓದಿ. ನಮ್ಮ ಕಡೆ ಅಡ್ಡಹೆಸರಿನದೇ ದೊಡ್ಡ ಗೋಳು. ಒಂದರಲ್ಲಿ ಹರಿಕಂತ್ರ, ಇನ್ನೊಂದರಲ್ಲಿ ಹರಿಕಾಂತ. ಊರಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಅಲ್ಲ! ತಪ್ಪು ಆಧಾರ್‌ನಲ್ಲಿದ್ದರೆ ಆಧಾರ್ ಕೇಂದ್ರಕ್ಕೆ ಮಗುವನ್ನೂ ಕರೆದುಕೊಂಡು ಹೋಗಿ. ಶಾಲೆಯದಾದರೆ ಹೆಡ್‌ಮಾಸ್ಟರ್ ಹತ್ತಿರ ಹೇಳಿ.

ಆಮೇಲೆ ನಾಡಕಚೇರಿ. ಜಾತಿ, ಆದಾಯ ಪ್ರಮಾಣಪತ್ರ ಮಗುವಿನ ಹೆಸರಿನಲ್ಲೇ ಇರಲಿ. ಹಳೆಯದಿದ್ದರೆ ಅವಧಿ ನೋಡಿ. ಅದರ ಮೇಲಿನ ಆರ್‌ಡಿ ನಂಬರ್ ಅರ್ಜಿಗೆ ಬೇಕು.

ಸ್ಕಾಲರ್‌ಶಿಪ್ ದುಡ್ಡು ಹೆಚ್ಚಾಗಿ ತಡೆದು ನಿಲ್ಲುವುದು ಬ್ಯಾಂಕಿನಲ್ಲಿ. ಪಾಸ್‌ಬುಕ್ ಇದ್ದರೆ ಸಾಲದು, ಖಾತೆ ಆಧಾರ್‌ಗೆ ಜೋಡಣೆಯಾಗಿರಬೇಕು. ಎರಡು ಖಾತೆ ಇದ್ದರೆ ಕೊನೆಗೆ ಜೋಡಿಸಿದ್ದಕ್ಕೇ ಹಣ ಹೋಗುತ್ತದೆ. ಸಿಮ್ ಕೊಳ್ಳುವಾಗ ಅಂಗಡಿಯವರು ತೆರೆದುಕೊಟ್ಟ ಖಾತೆಯೂ ಲೆಕ್ಕಕ್ಕೆ ಬಂತು. ಬ್ಯಾಂಕಿಗೆ ಹೋಗಿ 'ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯಾ?' ಎಂದು ಇದೇ ಮಾತಿನಲ್ಲಿ ಕೇಳಿ (ಆಧಾರ್ ನಂಬರಿಗೆ ಬರುವ ಸರ್ಕಾರಿ ಹಣ ಯಾವ ಖಾತೆಗೆ ಹೋಗಬೇಕು ಎಂಬ ದಾಖಲೆ ಅದು). 'ಆಧಾರ್ ಲಿಂಕ್ ಆಗಿದೆಯಾ' ಎಂದರೆ ಸುಮ್ನೆ ಹೂಂ ಎನ್ನುವವರಿದ್ದಾರೆ.

ಅರ್ಜಿ ಹಾಕುವುದು ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ, ಅಂದರೆ ಎಸ್‌ಎಸ್‌ಪಿಯಲ್ಲಿ. ಮಗುವಿನ ಸ್ಯಾಟ್ಸ್ ನಂಬರ್, ಅಂದರೆ ಶಾಲಾ ದಾಖಲೆಯ ಗುರುತಿನ ಸಂಖ್ಯೆ, ಕ್ಲಾಸ್ ಟೀಚರ್ ಕೊಡುತ್ತಾರೆ. ಮೊಬೈಲ್ ನಂಬರ್ ತಾಯಿಯದೇ ಕೊಡಿ. ಆಗಸ್ಟ್ ನಂತರ ಅಪ್ಪ ನೆಟ್‌ವರ್ಕ್ ಇಲ್ಲದ ಕಡಲಲ್ಲಿ, ಓಟಿಪಿ ಅವನ ಜೇಬಿನಲ್ಲಿ ಎಂದಾಗಬಾರದು, ಅಲ್ವಾ? ಅರ್ಜಿ ಹೋದ ಮೇಲೆ ಸ್ವೀಕೃತಿಯ ಪ್ರಿಂಟ್ ತೆಗೆದಿಡಿ.

8ನೇ ತರಗತಿಯ ಮಗು ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲಿದ್ದರೆ ಕೇಂದ್ರ ಸರ್ಕಾರದ ಸ್ಕಾಲರ್‌ಶಿಪ್ಪಿನ ಎನ್‌ಎಂಎಂಎಸ್ ಪರೀಕ್ಷೆ ಬರೆಸಿ. ಮನೆಯ ವಾರ್ಷಿಕ ಆದಾಯ 3.5 ಲಕ್ಷ ಮೀರಬಾರದು, 7ರಲ್ಲಿ ಶೇ 55 ಅಂಕ ಇರಬೇಕು (ಪರಿಶಿಷ್ಟರಿಗೆ ಶೇ 5 ರಿಯಾಯಿತಿ). ಆಯ್ಕೆಯಾದರೆ 9ರಿಂದ 12ನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ. ಈ ಅರ್ಜಿ ಶಾಲೆಯಿಂದಲೇ ಹೋಗಬೇಕು. ಹೆಡ್‌ಮಾಸ್ಟರ್ ಕಿವಿಗೆ ಈಗಲೇ ಹಾಕಿಡಿ.