ಹಳೆಯ ಪಂಪ್ ಏರ್‌ಗನ್ನಿನ ಗಾಳಿ ಸೋರಿಕೆ: ಮೊದಲು ಕಿವಿ, ಆಮೇಲೆ ಸ್ಪ್ಯಾನರ್

ಪಂಪ್ ಹೊಡೆದು ಗಾಳಿ ತುಂಬುವ ಹಳೆಯ ಏರ್‌ಗನ್ ಗಾಳಿ ಹಿಡಿಯುತ್ತಿಲ್ಲ ಎಂದು ಗೊತ್ತಾದ ಕೂಡಲೇ ಅದನ್ನು ಪೂರ್ತಿ ಬಿಚ್ಚಿ ಮೇಜಿನ ಮೇಲೆ ಹರಡಿಕೊಳ್ಳುವವರೇ ಹೆಚ್ಚು. ಗಾಳಿ ಎಲ್ಲಿಂದ ಹೋಗುತ್ತಿದೆ ಎಂಬುದನ್ನು ಕಿವಿಗೊಟ್ಟು ಕಂಡುಕೊಂಡರೆ ಅರ್ಧ ಕೆಲಸ ಮುಗಿದಂತೆ. ಎಷ್ಟೋ ಸಲ ಕವಾಟದ ತನಕ ಹೋಗುವ ಅಗತ್ಯವೇ ಬೀಳುವುದಿಲ್ಲ.

ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ತಯಾರಾಗುತ್ತಿದ್ದ ಬೆಂಜಮಿನ್ 312 ರೈಫಲನ್ನು ಇಲ್ಲಿ ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಒಡಹುಟ್ಟಾದ 317ರ ನಳಿಗೆ 4.5 ಮಿ.ಮೀ., 312ರದು 5.5 ಮಿ.ಮೀ.; ಒಳಗಿನ ಕಟ್ಟಡ ಬಹುಮಟ್ಟಿಗೆ ಒಂದೇ. ಭಾರತದ 2016ರ ಶಸ್ತ್ರಾಸ್ತ್ರ ನಿಯಮಗಳು ಪರವಾನಗಿಯಿಂದ ವಿನಾಯಿತಿ ಕೊಡುವುದು 4.5 ಮಿ.ಮೀ. ಮೀರದ, 20 ಜೂಲ್ ಒಳಗಿನ ಏರ್‌ಗನ್ನುಗಳಿಗೆ ಮಾತ್ರ ಎಂಬುದನ್ನು, ಇಂಥದ್ದೊಂದನ್ನು ಊರಿಗೆ ತರುವ ಯೋಚನೆಯಿರುವವರು ಮೊದಲೇ ತಿಳಿದಿರಬೇಕು.

ಇದರ ಒಳಗು ಸೈಕಲ್ ಪಂಪನ್ನು ಬಿಚ್ಚಿ ನೋಡಿದವರಿಗೆ ಹೊಸದಲ್ಲ. ಕೆಳಗಿನ ಹಿತ್ತಾಳೆ ಕೊಳವೆಯಲ್ಲಿ ಓಡಾಡುವ ಪಿಸ್ಟನ್ನಿನ ತುದಿಗೆ ಬಟ್ಟಲಿನಾಕಾರದ ವಾಷರ್ ಇರುತ್ತದೆ. ತೀರ ಹಳೆಯ ಬಂದೂಕುಗಳಲ್ಲಿ ಅದು ಚರ್ಮದ್ದು, ಆಮೇಲಿನವುಗಳಲ್ಲಿ ರಬ್ಬರಿನದು. ಅದು ತಳ್ಳಿದ ಗಾಳಿ ಒಳಹರಿವಿನ ಕವಾಟವನ್ನು ದಾಟಿ ಒಂದು ಸಣ್ಣ ಕೋಣೆಯಲ್ಲಿ ಸೇರಿಕೊಳ್ಳುತ್ತದೆ, ಮತ್ತು ಕುದುರೆ ಎಳೆದಾಗ ಹ್ಯಾಮರ್ ಹಿಂದಿನ ಕವಾಟದ ಕಡ್ಡಿಗೆ ಬಡಿದು ಆ ಗಾಳಿಯನ್ನು ನಳಿಗೆಗೆ ಬಿಡುತ್ತದೆ. ಸೋರಬಹುದಾದ ಮುಖ್ಯ ಜಾಗಗಳು ಈ ಮೂರೇ: ವಾಷರ್, ಮುಂದಿನ (ಒಳಹರಿವಿನ) ಕವಾಟ, ಹಿಂದಿನ ಕವಾಟ.

ಪರೀಕ್ಷೆಗೆ ಮೊದಲು ನಳಿಗೆಯಲ್ಲಿ ಗುಂಡಿಲ್ಲವೆಂದು ಖಚಿತಪಡಿಸಿಕೊಂಡು, ಕಣ್ಣಿಗೆ ಕನ್ನಡಕ ಹಾಕಿ, ಬಂದೂಕನ್ನು ಅಪಾಯವಿಲ್ಲದ ದಿಕ್ಕಿಗೆ ತಿರುಗಿಸಿಟ್ಟುಕೊಳ್ಳಬೇಕು. ನಳಿಗೆಯ ಹಿಂಬದಿಯ ಬೋಲ್ಟನ್ನು (ಹಿಡಿಕೆಯುಳ್ಳ ಸರಳನ್ನು) ಹಿಂದಕ್ಕೆಳೆದು ಹ್ಯಾಮರನ್ನು ಸಜ್ಜುಗೊಳಿಸಿದ ಮೇಲೆಯೇ ಪಂಪ್ ಹೊಡೆಯಬೇಕು. ಹ್ಯಾಮರ್ ಕವಾಟದ ಕಡ್ಡಿಯ ಮೇಲೆ ಒರಗಿಕೊಂಡಿದ್ದರೆ ಕವಾಟ ಪೂರ್ತಿ ಮುಚ್ಚದೆ ತುಂಬಿದ ಗಾಳಿಯೆಲ್ಲ ಹೊರಟುಹೋಗುತ್ತದೆ; ಸೋರುತ್ತಿದೆ ಎಂದು ಅಗ್ಗಕ್ಕೆ ಮಾರಾಟವಾಗುವ ಕೆಲವು ಬಂದೂಕುಗಳ ರೋಗ ಇಷ್ಟೇ.

ಮೂರು ಪಂಪ್ ಹೊಡೆದು ಸುಮ್ಮನೆ ಆಲಿಸಿ. ನಳಿಗೆಯ ಬಾಯಿಯಿಂದ ಬುಸ್ಸೆನ್ನುವ ಸದ್ದು ಬಂದರೆ ಹಿಂದಿನ ಕವಾಟ ಸೋರುತ್ತಿದೆ. ಆಲಿಸಲು ನಳಿಗೆಯ ಎದುರಿಗೆ ಮುಖ ತರಬಾರದು, ಒಂದು ತೆಳುವಾದ ಕಾಗದದ ಚೂರನ್ನು ಹಿಡಿದರೆ ಅದರ ಅಲುಗಾಟವೇ ಸಾಕು. ಮುಚ್ಚಿದ ಪಂಪಿನ ಹಿಡಿ ತಾನಾಗಿ ಮೇಲೇಳುತ್ತಿದ್ದರೆ ಗಾಳಿ ಮುಂದಿನ ಕವಾಟದಿಂದ ಪಿಸ್ಟನ್ನಿನ ಕಡೆಗೆ ಹಿಂದಿರುಗುತ್ತಿದೆ. ಎಷ್ಟು ಹೊಡೆದರೂ ಹಿಡಿ ಬಿಗಿಯಾಗದೆ, ಸದ್ದೂ ಇಲ್ಲದಿದ್ದರೆ ವಾಷರ್ ಒಣಗಿದೆ ಅಥವಾ ಸವೆದಿದೆ.

ವಾಷರಿಗೆ ಮೊದಲ ಮದ್ದು ಎಣ್ಣೆ. ಡಿಟರ್ಜೆಂಟ್ ಬೆರೆಸದ 30ನೇ ದರ್ಜೆಯ ಎಂಜಿನ್ ಆಯಿಲಿನ ಕೆಲವೇ ಹನಿಗಳನ್ನು ಪಂಪಿನ ಸೀಳಿನೊಳಗೆ, ವಾಷರಿನ ಹಿಂದಿರುವ ಉಣ್ಣೆಯ ಬಿಲ್ಲೆಗೆ ಬಿಟ್ಟು, ರಾತ್ರಿಯಿಡೀ ಹಾಗೆಯೇ ಇಡಬೇಕು. ನಮ್ಮ ಕಡೆ ಸೈಕಲ್ ಪಂಪಿನ ವಾಷರಿಗೆ ಕೊಬ್ಬರಿ ಎಣ್ಣೆ ಸವರುವ ರೂಢಿಯುಂಟು; ಇಲ್ಲಿ ಅದು ಬೇಡ, ಚಳಿಗೆ ಹೆಪ್ಪುಗಟ್ಟುತ್ತದೆ, ಹಳತಾದರೆ ಅಂಟಾಗಿ ಕವಾಟಕ್ಕೆ ಮೆತ್ತಿಕೊಳ್ಳುತ್ತದೆ.

ಎಣ್ಣೆಗೆ ಜಗ್ಗದಿದ್ದರೆ ವಾಷರ್ ಬದಲಿಸಬೇಕು. ಮೊದಲು ಉಳಿದ ಗಾಳಿಯನ್ನು ಖಾಲಿ ಮಾಡಿ. ಅಳತೆ ಮೀರಿ ಪಂಪ್ ಹೊಡೆದಾಗ ಹ್ಯಾಮರಿನ ಒಂದೇ ಪೆಟ್ಟಿಗೆ ಕವಾಟ ಪೂರ್ತಿ ತೆರೆಯದೆ ಒಂದಷ್ಟು ಗಾಳಿ ಒಳಗೇ ಉಳಿದಿರಬಹುದಾದ್ದರಿಂದ, ಮತ್ತೆ ಸಜ್ಜುಗೊಳಿಸಿ ಸದ್ದೇ ಬಾರದವರೆಗೆ ಕುದುರೆ ಎಳೆಯಬೇಕು. ಹಿಡಿಯ ಪಿನ್ನುಗಳನ್ನು ಸರಿಯಳತೆಯ ಕಡ್ಡಿಯಿಂದ ಮೆಲ್ಲಗೆ ತಟ್ಟಿ ತೆಗೆಯಿರಿ, ಪ್ರತಿ ಹಂತದಲ್ಲೂ ಫೋಟೊ ತೆಗೆದಿಟ್ಟುಕೊಳ್ಳಿ. ಹೊಸ ವಾಷರ್ ಚರ್ಮದ್ದಾದರೆ ಒಂದು ರಾತ್ರಿ ಎಣ್ಣೆಯಲ್ಲಿ ನೆನೆಯಬೇಕು.

ಅದನ್ನು ಕೊಳವೆಗೆ ಸೇರಿಸುವಾಗಲೇ ಹೆಚ್ಚಿನವರು ಎಡವುವುದು. ಹಿಡಿಯ ತೋಳು ಓಡಾಡಲು ಕೊಳವೆಯಲ್ಲಿ ಕೊರೆದ ಸೀಳಿನ ಅಂಚು ಹರಿತವಾಗಿದ್ದು, ವಾಷರಿನ ತುಟಿಯನ್ನು ಕತ್ತರಿಸಿಬಿಡುತ್ತದೆ. ಒಂದೇ ಒಂದು ಗೀರು ಬಿದ್ದರೂ ಹೊಸ ವಾಷರ್ ಹಳೆಯದರಂತೆಯೇ ಸೋರುತ್ತದೆ. ನಯವಾದ ಎಮರಿ ಕಾಗದದಿಂದ ಆ ಅಂಚನ್ನು ಮೊಂಡು ಮಾಡಿ, ಪುಡಿಯನ್ನೆಲ್ಲ ಒರೆಸಿ, ತುಟಿಯನ್ನು ಮೊನಚಿಲ್ಲದ ಮರದ ಕಡ್ಡಿಯಿಂದ ಸುತ್ತಲೂ ಒಳಕ್ಕೆ ಒತ್ತುತ್ತ, ಪಿಸ್ಟನ್ನನ್ನು ತಿರುಗಿಸುತ್ತ ಸೇರಿಸಬೇಕು. ಹಿಡಿ ಮುಚ್ಚಿದಾಗ ವಾಷರ್ ಕವಾಟದ ಮುಖಕ್ಕೆ ತಾಗಿಯೂ ತಾಗದಂತೆ ನಿಲ್ಲಬೇಕು. ನಡುವೆ ಜಾಗ ಉಳಿದರೆ ಆ ಜಾಗದ ಗಾಳಿ ಕೋಣೆಗೆ ಹೋಗದೆ ಹಿಡಿಯನ್ನೇ ಮೇಲೆತ್ತುತ್ತದೆ. ಕೆಲವು ಮಾದರಿಗಳಲ್ಲಿ ಪಂಪಿನ ಕಡ್ಡಿಯ ಉದ್ದವನ್ನು ನಟ್ಟಿನಿಂದ ಹೊಂದಿಸಬಹುದು.

ಕವಾಟದ ಕೆಲಸಕ್ಕೆ ಕೈಹಾಕುವ ಮುನ್ನ ಒಂದು ಸುಲಭದ ಉಪಾಯವಿದೆ. ಸಜ್ಜುಗೊಳಿಸಿ, ಮೂರು ನಾಲ್ಕು ಪಂಪ್ ಚುರುಕಾಗಿ ಹೊಡೆದು, ಖಾಲಿಯಾಗಿ ಹಾರಿಸಿ. ಹತ್ತು ಬಾರಿ ಹೀಗೆ ಮಾಡಿದರೆ ಕವಾಟದ ಅಂಚಿನಲ್ಲಿ ಸಿಕ್ಕಿಕೊಂಡ ಕಸ ಹಾರಿಹೋಗಿ ಸೋರಿಕೆ ನಿಲ್ಲುವುದುಂಟು.

ನಿಲ್ಲದಿದ್ದರೆ ಬಿಚ್ಚಲೇಬೇಕು. ಕವಾಟವನ್ನು ಬಿಗಿದಿರುವ ಸೀಳುಳ್ಳ ನಟ್ಟು ಕೊಳವೆಯ ಆಳದಲ್ಲಿರುವುದರಿಂದ, ತುದಿಯಲ್ಲಿ ಎರಡು ಹಲ್ಲುಗಳಿರುವ ಉದ್ದನೆಯ ಉಪಕರಣ ಬೇಕಾಗುತ್ತದೆ. ಲೇತ್ ಅಂಗಡಿಯಲ್ಲಿ ಉಕ್ಕಿನ ಕೊಳವೆಯಿಂದ ಮಾಡಿಸಿಕೊಳ್ಳಬಹುದು. ನಟ್ಟು ಜಗ್ಗಲಿಲ್ಲವೆಂದು ಬೆಂಕಿಯ ಟಾರ್ಚ್ ಹಿಡಿಯುವವರಿದ್ದಾರೆ. ನಳಿಗೆಯನ್ನೂ ಕೊಳವೆಯನ್ನೂ ಬೆಸೆದಿರುವುದು ಬೇಗ ಕರಗುವ ಬೆಸುಗೆಯಿಂದ. ಅದು ಬಿಟ್ಟುಹೋದರೆ ಬಂದೂಕೇ ಕೆಟ್ಟಂತೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಎರಡು ದಿನ ಕಾಯುವುದು ಮೇಲು.

ಹೊರಬಂದ ಕವಾಟದ ಸೀಲುಗಳನ್ನೂ ಸ್ಪ್ರಿಂಗನ್ನೂ ಬಿಡಿಭಾಗಗಳ ಕಿಟ್ಟಿನಿಂದ ಬದಲಿಸಿ. ಸೀಲು ಕೂರುವ ಹಿತ್ತಾಳೆಯ ಅಂಚಿನಲ್ಲಿ ಕಲೆಯಿದ್ದರೆ, ಬ್ರಾಸೊ ಪಾಲಿಶ್ ಹಚ್ಚಿದ ಹತ್ತಿಯನ್ನು ಕಡ್ಡಿಗೆ ಸುತ್ತಿ ಬೆರಳಿನಿಂದಲೇ ತಿರುಗಿಸುತ್ತ ಉಜ್ಜಬೇಕು. ಡ್ರಿಲ್ಲಿಗೆ ಕೊಟ್ಟರೆ ಅಂಚಿನ ದುಂಡುತನವೇ ಹೋಗುತ್ತದೆ. ಮತ್ತೆ ಕೂರಿಸುವಾಗ ಕವಾಟದ ಗಾಳಿರಂಧ್ರ ನಳಿಗೆಗೆ ಹೋಗುವ ರಂಧ್ರಕ್ಕೆ ನೇರವಾಗಿ ಬಂದಿದೆಯೇ ಎಂದು ಬೆಳಕು ಹಿಡಿದು ನೋಡದೆ ನಟ್ಟು ಬಿಗಿಯಬೇಡಿ.

ಜೋಡಿಸಿದ ಮೇಲೆ ಮೂರು ಪಂಪ್ ಹೊಡೆದು, ಗುಂಡಿಲ್ಲದೆ, ಮಕ್ಕಳ ಕೈಗೆ ಸಿಗದಂತೆ ಬೀಗದೊಳಗೆ ಒಂದು ರಾತ್ರಿ ಇಡಿ. ಬೆಳಿಗ್ಗೆ ಹಾರಿಸಿದಾಗ ತಕ್ಷಣ ಹಾರಿಸಿದಷ್ಟೇ ಗಟ್ಟಿಯಾದ ಸದ್ದು ಬಂದರೆ ಸೀಲು ಕೂತಿದೆ. ಸದ್ದು ಕುಗ್ಗಿದ್ದರೆ ಮತ್ತೆ ಮೂರು ಪಂಪ್ ಹೊಡೆದು, ಕಾಗದದ ಚೂರು ಹಿಡಿದು ನೋಡಬೇಕು.