ಫೋಟೊ ಜೊತೆಗೇ ಇರಲಿ ಜಾಗದ ಗುರುತು

ಮಳೆಗಾಲ ಕಳೆದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ತಿರುಗಿದವರ ಹತ್ತಿರ ಫಾಲ್ಸ್ ಫೋಟೊಗಳ ರಾಶಿಯೇ ಇರುತ್ತದೆ. ಎರಡು ವರ್ಷ ಬಿಟ್ಟು ಅವನ್ನು ತೆರೆದು ನೋಡಿ. ಉಂಚಳ್ಳಿಯನ್ನೇನೋ ಗುರುತು ಹಿಡಿಯಬಹುದು. ದಾರಿಯಲ್ಲಿ ಕಂಡ ಹೆಸರಿಲ್ಲದ ಝರಿ ಎಲ್ಲಿಯದು? ಗೋಕರ್ಣದ ಫೋಟೊ ಅಂದರೂ ಅದು ಕುಡ್ಲೆಯಾ, ಓಂ ಬೀಚಾ, ಹಾಫ್ ಮೂನಾ? ಮರಳು, ಬಂಡೆ, ಅಲೆ ಎಲ್ಲ ಕಡೆಯೂ ಒಂದೇ ಥರ ಕಾಣುತ್ತದೆ, ಅಲ್ವಾ?

ಫೋನು, ಕ್ಯಾಮೆರಾ ತೆಗೆದ ಫೋಟೊ ಫೈಲಿನ ಒಳಗೆ ಎಕ್ಸಿಫ್ ಅನ್ನುವ ಮಾಹಿತಿ ಇರುತ್ತದೆ. ತೆಗೆದ ದಿನ, ಹೊತ್ತು, ಕ್ಯಾಮೆರಾ ಯಾವುದು ಎಲ್ಲ ಅದರಲ್ಲಿ ದಾಖಲಾಗುತ್ತದೆ. ಅಕ್ಷಾಂಶ, ರೇಖಾಂಶ ಬರೆಯಲೂ ಅಲ್ಲಿ ಜಾಗ ಇದೆ. ಅದನ್ನು ತುಂಬಿಸಿಟ್ಟರೆ ಎಷ್ಟು ವರ್ಷ ಕಳೆದರೂ ಫೋಟೊ ತನ್ನ ಊರನ್ನು ಮರೆಯುವುದಿಲ್ಲ.

ಫೋನಿನಲ್ಲಿ ಸುಲಭ

ಫೋನಿನ ಲೊಕೇಶನ್ ಆನ್ ಮಾಡಿ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಸೇವ್ ಮಾಡುವ ಆಯ್ಕೆಯನ್ನೂ ಆನ್ ಮಾಡಿ. ಐಫೋನಿನಲ್ಲಾದರೆ ಕ್ಯಾಮೆರಾ ಆ್ಯಪ್‌ಗೆ ಲೊಕೇಶನ್ ಅನುಮತಿ ಕೊಟ್ಟರೆ ಸಾಕು.

ಕಾಡಿನಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ ಅಂತ ಚಿಂತೆ ಬೇಡ. ಜಿಪಿಎಸ್ ಸಿಗ್ನಲ್ ಬರುವುದು ಉಪಗ್ರಹದಿಂದ, ಟವರಿನಿಂದ ಅಲ್ಲ. ನೆಟ್‌ವರ್ಕ್ ಇಲ್ಲದಿದ್ದರೆ ಮೊದಲ ಸಲ ಜಾಗ ಹಿಡಿಯುವುದು ಸ್ವಲ್ಪ ತಡ, ಅಷ್ಟೇ. ನಿಜವಾದ ತೊಂದರೆ ಬೇರೆ. ಯಾಣದ ಭೈರವೇಶ್ವರ ಶಿಖರ ಸುಮಾರು 120 ಮೀಟರ್ ಎತ್ತರ. ಅದರ ಬುಡದಲ್ಲಿ ನಿಂತರೆ ಆಕಾಶದ ದೊಡ್ಡ ಭಾಗವೇ ಮುಚ್ಚಿಹೋಗುತ್ತದೆ. ಬಂದ ಸಿಗ್ನಲ್ಲೂ ಕಲ್ಲಿಗೆ ಬಡಿದು ಸುತ್ತಿಕೊಂಡು ಫೋನಿಗೆ ತಲುಪುತ್ತದೆ. ಆಗ ಗುರುತು ಆಚೀಚೆ ಹಾರುತ್ತದೆ. ಬಂಡೆಯ ಹತ್ತಿರ ಹೋಗುವ ಮೊದಲೇ ತೆರೆದ ಜಾಗದಲ್ಲಿ ಮ್ಯಾಪ್ ತೆರೆದು, ನೀಲಿ ಚುಕ್ಕೆ ಒಂದು ಕಡೆ ನಿಂತ ಮೇಲೆ ಮುಂದೆ ನಡೆಯಿರಿ.

ಕ್ಯಾಮೆರಾದ ಫೋಟೊಗೆ

ಹೆಚ್ಚಿನ ಕ್ಯಾಮೆರಾಗಳಲ್ಲಿ ಜಿಪಿಎಸ್ ಇರುವುದಿಲ್ಲ. ಕೆಲವನ್ನು ಬ್ಲೂಟೂತ್ ಮೂಲಕ ಕಂಪನಿಯ ಆ್ಯಪ್‌ಗೆ ಜೋಡಿಸಿ ಫೋನಿನಿಂದಲೇ ಜಾಗ ಪಡೆಯಬಹುದು. ಆದರೆ ನಡುವೆ ಸಂಪರ್ಕ ಕಡಿದರೆ ಗೊತ್ತೇ ಆಗುವುದಿಲ್ಲ. ನನಗೆ ಹೆಚ್ಚು ನಂಬಿಕೆ ಇರುವುದು ಇನ್ನೊಂದು ದಾರಿಯಲ್ಲಿ. ನಾವು ಓಡಾಡಿದ ದಾರಿಯನ್ನು ಫೋನ್ ಬರೆದಿಟ್ಟುಕೊಳ್ಳುತ್ತದೆ. ಆಮೇಲೆ ಸಮಯ ನೋಡಿ ಫೋಟೊಗಳನ್ನು ಆ ದಾರಿಯ ಮೇಲೆ ಕೂರಿಸುತ್ತೇವೆ.

ಎಲ್ಲಕ್ಕಿಂತ ಮೊದಲು ಕ್ಯಾಮೆರಾದ ಗಡಿಯಾರ ಸರಿಮಾಡಿ. ಇದನ್ನು ದಯವಿಟ್ಟು ಬಿಡಬೇಡಿ. ದೇವಿಮನೆ ಘಟ್ಟದಲ್ಲಿ ಬಸ್ಸು ಗಂಟೆಗೆ 30 ಕಿ.ಮೀ. ವೇಗದಲ್ಲಿ ಇಳಿಯುತ್ತಿದೆ ಅಂದುಕೊಳ್ಳಿ. ಗಡಿಯಾರ 4 ನಿಮಿಷ ಹಿಂದೆ ಇದ್ದರೆ ನೀವು ಕಿಟಕಿಯಿಂದ ತೆಗೆದ ಫೋಟೊ 2 ಕಿ.ಮೀ. ಹಿಂದಕ್ಕೆ ಹೋಗಿ ಕೂರುತ್ತದೆ. ಘಟ್ಟದಲ್ಲಿ 2 ಕಿ.ಮೀ. ಅಂದರೆ ಎಷ್ಟು ತಿರುವು! ಗಡಿಯಾರ ಸರಿಮಾಡಿದ ಮೇಲೂ ಫೋನಿನಲ್ಲಿ ಸೆಕೆಂಡ್ ತೋರಿಸುವ ಗಡಿಯಾರ ತೆರೆದು, ಅದರದ್ದೊಂದು ಫೋಟೊವನ್ನು ಕ್ಯಾಮೆರಾದಲ್ಲಿ ತೆಗೆದಿಡಿ. ಫೋಟೊದಲ್ಲಿ ಕಾಣುವ ಸಮಯಕ್ಕೂ ಫೈಲಿನಲ್ಲಿರುವ ಸಮಯಕ್ಕೂ ಎಷ್ಟು ಸೆಕೆಂಡ್ ವ್ಯತ್ಯಾಸ ಅಂತ ಮನೆಗೆ ಬಂದು ಲೆಕ್ಕ ಹಾಕಬಹುದು.

ಹೊರಡುವಾಗ ಓಸ್ಮ್‌ಆ್ಯಂಡ್‌ನಂಥ ಆ್ಯಪ್‌ನಲ್ಲಿ ದಾರಿ ದಾಖಲಿಸುವುದನ್ನು ಶುರು ಮಾಡಿ. 5ರಿಂದ 10 ಸೆಕೆಂಡಿಗೊಮ್ಮೆ ಬರೆದರೆ ಸಾಕು. ಫೋನಿನ ಬ್ಯಾಟರಿ ಸೇವರ್ ಇಂಥ ಆ್ಯಪ್‌ಗಳನ್ನು ಸುಮ್ನೆ ನಿಲ್ಲಿಸಿಬಿಡುತ್ತದೆ, ಅದನ್ನು ಆಫ್ ಮಾಡಿ. ಕಾರವಾರದಿಂದ ಕುಮಟಾ ಕಡೆ ರೈಲಿನಲ್ಲಿ ಹೋಗುವಾಗ ಸುರಂಗದೊಳಗೆ ಗೆರೆ ಕಡಿಯುತ್ತದೆ. ಪರವಾಗಿಲ್ಲ, ಸುರಂಗದಲ್ಲಿ ಫೋಟೊ ತೆಗೆಯುವವರು ಯಾರು? ಸಂಜೆ ದಾಖಲೆ ನಿಲ್ಲಿಸಿ, ಜಿಪಿಎಕ್ಸ್ ಅನ್ನುವ ದಾರಿ ದಾಖಲೆಯ ಫೈಲಾಗಿ ಕಂಪ್ಯೂಟರಿಗೆ ಹಾಕಿಕೊಳ್ಳಿ.

ಅಲ್ಲಿ ಡಿಜಿಕ್ಯಾಮ್ ಅನ್ನುವ ಉಚಿತ ತಂತ್ರಾಂಶ ಸಾಕು. ಮೂಲ ಫೋಟೊಗಳ ಒಂದು ಪ್ರತಿ ಬೇರೆ ಕಡೆ ಇಟ್ಟುಕೊಂಡೇ ಕೆಲಸ ಶುರು ಮಾಡಿ. ಫೋಟೊಗಳನ್ನು ಆರಿಸಿ, ಐಟಂ ಮೆನುವಿನಲ್ಲಿ ಎಡಿಟ್ ಜಿಯೊಲೊಕೇಶನ್ ತೆರೆಯಿರಿ. ಜಿಪಿಎಸ್ ಕೋರಿಲೇಟರ್ ಭಾಗದಲ್ಲಿ ಜಿಪಿಎಕ್ಸ್ ಫೈಲ್ ಹಾಕಿ. ಜಿಪಿಎಕ್ಸ್‌ನಲ್ಲಿ ಇರುವುದು ಜಾಗತಿಕ ಸಮಯ. ನಮ್ಮದು ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ಹಾಗಾಗಿ ಅದೇ ಭಾಗದಲ್ಲಿ ಕ್ಯಾಮೆರಾದ ಟೈಮ್ ಝೋನ್ ಭಾರತದ್ದೇ ಇದೆಯಾ ನೋಡಿ. ಗಡಿಯಾರದ ಫೋಟೊದಿಂದ ಸಿಕ್ಕ ವ್ಯತ್ಯಾಸವನ್ನೂ ಅಲ್ಲೇ ತುಂಬಿಸಿ. ಕೋರಿಲೇಟ್ ಒತ್ತಿದರೆ ಫೋಟೊಗಳು ಒಂದೊಂದಾಗಿ ನಕ್ಷೆಯ ಮೇಲೆ ಬಂದು ಕೂರುತ್ತವೆ. ನಿಮಗೆ ಚೆನ್ನಾಗಿ ನೆನಪಿರುವ ಒಂದೆರಡು ಫೋಟೊಗಳನ್ನು ಪರೀಕ್ಷಿಸಿ. ಮಿರ್ಜಾನ್ ಕೋಟೆಯ ಫೋಟೊ ಅಘನಾಶಿನಿ ಹೊಳೆಯೊಳಗೆ ಇದ್ದರೆ ಸಮಯ ತಪ್ಪಿದೆ ಅಂತ ಅರ್ಥ. ಸರಿ ಇದ್ದರೆ ಅಪ್ಲೈ ಒತ್ತಿ.

ಹಳೇ ಫೋಟೊಗಳು

ಇವಕ್ಕೆ ನೆನಪೇ ಆಧಾರ. ಡಿಜಿಕ್ಯಾಮ್‌ನಲ್ಲಿ ಫೋಟೊವನ್ನು ಎಳೆದು ನಕ್ಷೆಯ ಮೇಲೆ ಬಿಟ್ಟರಾಯಿತು. ಸಂಖ್ಯೆಯನ್ನೇ ಬರೆಯುವುದಾದರೆ ಮೊದಲು ಅಕ್ಷಾಂಶ, ಆಮೇಲೆ ರೇಖಾಂಶ. ಕಾರವಾರ ಸುಮಾರು 14.81, 74.13. ಶಿರಸಿ 14.62, 74.84. ಅದಲು ಬದಲಾದರೆ ಫೋಟೊ ನಾರ್ವೆಗಿಂತ ಉತ್ತರದ ಸಮುದ್ರಕ್ಕೆ ಹೋಗುತ್ತದೆ. ದಶಾಂಶದ ನಂತರ 4 ಅಂಕಿ ಬರೆದರೆ ಸುಮಾರು 11 ಮೀಟರ್‌ವರೆಗೆ ನಿಖರ. ಒಂದು ಝರಿಗೆ ಅಷ್ಟು ಧಾರಾಳ.

ಗೂಗಲ್ ಫೋಟೋಸ್‌ನಲ್ಲೂ ಜಾಗ ಸೇರಿಸಬಹುದು. ಆದರೆ ಅದು ಆ ಆ್ಯಪ್‌ನಲ್ಲಿ ಉಳಿಯುತ್ತದೆಯೇ ಹೊರತು ಮೂಲ ಫೈಲಿನೊಳಗೆ ಸೇರುವುದಿಲ್ಲ. ಹತ್ತಾರು ವರ್ಷ ಉಳಿಯಬೇಕು ಅಂದರೆ ಫೈಲಿಗೇ ಬರೆಯಿರಿ.

ಹಂಚುವ ಮೊದಲು

ವಾಟ್ಸ್‌ಆ್ಯಪ್‌ನಲ್ಲಿ ಫೋಟೊವಾಗಿ ಕಳಿಸಿದರೆ ಜಾಗದ ಗುರುತು ಅಳಿಸಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತದೆ. ಗೆಳೆಯರಿಗೆ ದಾರಿ ಗೊತ್ತಾಗಲಿ ಅಂದರೆ ಎರಡನೆಯದೇ ಸರಿ. ಮನೆಯಲ್ಲಿ ತೆಗೆದ ಮಕ್ಕಳ ಫೋಟೊವನ್ನು ಹಾಗೆ ಕಳಿಸಬೇಡಿ. ದಾಂಡೇಲಿ ಕಾಡಿನ ಮಂಗಟ್ಟೆ ಗೂಡು, ಕಾಸರಕೋಡಿನ ಮರಳಿನಲ್ಲಿ ಕಡಲಾಮೆ ಮೊಟ್ಟೆ ಇಟ್ಟ ಜಾಗ, ಕಾಡಿನ ಅಪರೂಪದ ಸೀತಾಳೆ (ಆರ್ಕಿಡ್) ಇವುಗಳ ಗುರುತಂತೂ ಯಾರ ಕೈಗೂ ಹೋಗಬಾರದು. ಜನ ಹುಡುಕಿಕೊಂಡು ಬಂದರೆ ಗೂಡಿಗೇ ಕುತ್ತು. ಇಂಥ ಫೋಟೊ ಕೊಡಲೇಬೇಕಾದರೆ ಐಫೋನಿನಲ್ಲಿ ಹಂಚುವಾಗ ಆಪ್ಶನ್ಸ್ ತೆರೆದು ಲೊಕೇಶನ್ ಆಫ್ ಮಾಡಿ. ಕಂಪ್ಯೂಟರಿನಲ್ಲಾದರೆ ಒಂದು ಪ್ರತಿ ಮಾಡಿಕೊಂಡು, ಡಿಜಿಕ್ಯಾಮ್‌ನಲ್ಲಿ ಅದರ ಗುರುತು ಅಳಿಸಿ, ಆ ಪ್ರತಿಯನ್ನೇ ಕಳಿಸಿ.