ನೌಬಾದ್ ಕರೇಜಿನ ಹೂಳು ತೆಗೆದದ್ದು ಹೀಗೆ

ಬೀದರ್ ಪಕ್ಕದ ನೌಬಾದಿನಲ್ಲಿ ನೆಲದಡಿ ಒಂದು ಕಾಲುವೆ ಇದೆ, ಇದಕ್ಕೇ ಕರೇಜ್ ಅನ್ನುವುದು. ಬಹಮನಿ ಕಾಲದ್ದು. 15ನೇ ಶತಮಾನದಲ್ಲಿ ಅಹ್ಮದ್ ಷಾ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ. ಪರ್ಷಿಯಾ ಕಡೆಯವರ ಒಡನಾಟದಿಂದ ಈ ಕರೇಜ್ ತೋಡುವ ವಿದ್ಯೆಯೂ ಇಲ್ಲಿಗೆ ಬಂತು.

ನಮ್ಮ ಊರು ಕೆಂಪು ಜಂಬಿಟ್ಟಿಗೆ ಕಲ್ಲಿನ ದಿಬ್ಬದ ಮೇಲಿದೆ. ಈ ಕಲ್ಲಿನ ತುಂಬಾ ತೂತು, ಮಳೆ ನೀರನ್ನು ಕುಡಿದುಬಿಡುತ್ತದೆ. ಕೆಳಗಿರುವ ಕರಿಕಲ್ಲು ಕುಡಿಯುವುದಿಲ್ಲ. ಹಾಗಾಗಿ ಎರಡೂ ಸೇರುವ ಜಾಗದಲ್ಲಿ ನೀರು ನಿಲ್ಲುತ್ತದೆ. ಆ ನೀರು ಸಿಗುವ ಆಳದಲ್ಲಿ, ಸ್ವಲ್ಪವೇ ಇಳಿಜಾರು ಕೊಟ್ಟು ಸುರಂಗ ಕೊರೆದಿದ್ದಾರೆ. ನಡುನಡುವೆ ನೆಟ್ಟಗೆ ಇಳಿಯುವ ಬಾವಿಗಳಿವೆ. ತೋಡುವಾಗ ಮಣ್ಣು ಎತ್ತಿದ್ದು ಅಲ್ಲಿಂದಲೇ. ಗಾಳಿ, ಬೆಳಕು ಹೋಗುವುದೂ ಅಲ್ಲಿಂದಲೇ. ಮೋಟರ್ ಇಲ್ಲ, ಕರೆಂಟ್ ಇಲ್ಲ, ನೀರು ತಾನೇ ಹರಿಯುತ್ತದೆ.

ನಾವು ಕೈ ಹಾಕಿದಾಗ ಮೊದಲ ತಲೆನೋವು ಈ ಬಾವಿಗಳನ್ನು ಹುಡುಕುವುದೇ ಆಗಿತ್ತು. ಕೇರಳದ ಭೂಗೋಳ ಅಧ್ಯಾಪಕ ಗೋವಿಂದನ್‌ಕುಟ್ಟಿ ಅವರು ಇಲ್ಲಿ ಅಲೆದಾಡಿ ಕರೇಜಿನ ಜಾಡು ಗುರುತಿಸಿದ್ದು ತುಂಬಾ ಸಹಾಯವಾಯಿತು. ಆದರೂ ಜಾಗಕ್ಕೆ ಹೋದರೆ ಕಾಣುವುದು ಜಾಲಿ ಪೊದೆ ಮಾತ್ರ. ಒಂದು ಬಾಯಿ ಸಿಕ್ಕಿದ ಮೇಲೆ ಅದೇ ಗೆರೆಯಲ್ಲಿ ನಡೆದು ಮುಂದಿನದನ್ನು ಹುಡುಕುತ್ತಿದ್ದೆವು. ಕೆಲವಕ್ಕೆ ಚಪ್ಪಡಿ ಮುಚ್ಚಿ, ಪ್ಲಾಟ್ ಮಾಡಿದ್ದರು.

ನಾನಂತೂ ಹತ್ತಿರದ ಬಾವಿಯಿಂದಲೇ ಶುರು ಮಾಡೋಣ ಅನ್ನುತ್ತಿದ್ದೆ. ಜೊತೆಗಿದ್ದ ಬಾವಿ ತೋಡುವ ಕಾಕಾ ಒಪ್ಪಲಿಲ್ಲ. "ತಮ್ಮಾ, ಮೊದಲ ನೀರಿಗೆ ದಾರಿ ಬಿಡ್ರಿ, ಆಮ್ಯಾಲ ಮಣ್ಣು ತೆಗೀರಿ" ಅಂದರು. ನಡುವೆ ಕಟ್ಟಿಕೊಂಡ ಹೂಳನ್ನು ಮೇಲಿನಿಂದ ತೆಗೆದರೆ ಹಿಂದೆ ನಿಂತ ನೀರು ಒಮ್ಮೆಲೇ ನುಗ್ಗಬಹುದು, ಒಳಗಿದ್ದವರ ಗತಿ? ಆದ್ದರಿಂದ ನೀರು ಹೊರಬರುವ ಕಡೆಯಿಂದ ಶುರು ಮಾಡಿ ಮೇಲಕ್ಕೆ ಹೋದೆವು. ಸಲಿಕೆ, ಪುಟ್ಟಿ, ಹಗ್ಗ, ರಾಟೆ, ಇಷ್ಟೇ ಸಾಮಾನು. ಒಬ್ಬರು ಜೆಸಿಬಿ ಫ್ರೀಯಾಗಿ ಕೊಡುತ್ತೇನೆ ಅಂದರು. ಬೇಡ ಅಂದೆವು. ಅದರ ಭಾರಕ್ಕೆ ಬಾವಿಯ ಅಂಚು ಕುಸಿದರೆ ಹೂಳು ಮತ್ತೆ ಹೊಸದಾಗಿ ತುಂಬುತ್ತದೆ, ಅಲ್ವಾ?

ಮಣ್ಣಿಗಿಂತ ಕಸವೇ ಜಾಸ್ತಿ ಸಿಕ್ಕಿತು. ಒಡೆದ ಟೈಲ್ಸ್, ಸಿಮೆಂಟ್ ಚೀಲ, ಬಾಟಲಿ, ಒಡೆದ ದೇವರ ಫೋಟೋಗಳು. ಹಾಳಾದ ಫೋಟೋವನ್ನು ಕುಡಿಯುವ ನೀರಿಗೆ ಹಾಕಿದರೆ ಪುಣ್ಯ ಬರುತ್ತದೆ ಅಂತ ಯಾರು ಹೇಳಿಕೊಟ್ಟರೋ!

ಇಂಥ ಕೆಲಸ ಮಾಡುವವರಿಗೆ ನಾನು ಒತ್ತಿ ಹೇಳುವುದು ಗಾಳಿಯ ವಿಷಯ. ಮುಚ್ಚಿದ ಬಾವಿಯ ತಳದಲ್ಲಿ ಉಸಿರಾಡುವ ಗಾಳಿ ಇರುವುದಿಲ್ಲ. ದೀಪ ಇಳಿಸಿ ನೋಡುವ ಹಳೆ ಪದ್ಧತಿ ಇದೆ. ಆರಿದರೆ ಇಳಿಯಬಾರದು, ಸರಿ. ಆದರೆ ಆರಲಿಲ್ಲ ಅಂತ ಧೈರ್ಯ ಮಾಡುವುದೂ ತಪ್ಪು, ಕೊಳೆತ ಕಸದ ವಿಷಗಾಳಿಯಲ್ಲೂ ದೀಪ ಉರಿಯಬಹುದು. ಗ್ಯಾಸ್ ಅಳೆಯುವ ಮೀಟರ್ ತರಿಸಿಕೊಳ್ಳಲೇಬೇಕು. ಅಕ್ಕಪಕ್ಕದ ಎರಡು ಬಾಯಿ ತೆರೆದು, ಗಾಳಿ ಆಡಲು ಬಿಟ್ಟು, ಆಮೇಲೆ ಇಳಿಯುತ್ತಿದ್ದೆವು. ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಹಿಡಿಯಲು ಇಬ್ಬರು. ಮೋಡ ಕಟ್ಟಿದರೆ ಆ ದಿನ ಕೆಲಸ ಬಂದ್.

ಹೂಳು ತೆಗೆದ ಮೇಲೆ ಪ್ರತಿ ಬಾಯಿಯ ಸುತ್ತ ಎತ್ತರದ ಕಟ್ಟೆ ಕಟ್ಟಿ, ಮೇಲೆ ಕಬ್ಬಿಣದ ಜಾಲರಿ ಹಾಕಿದೆವು. ರಸ್ತೆಯ ನೀರು ಕೆಸರು ಹೊತ್ತು ಒಳಗೆ ಇಳಿಯಬಾರದು, ಗಾಳಿ ಮಾತ್ರ ಆಡಬೇಕು. ಜನ ಇದನ್ನೇ ಮುಖ್ಯ ಕೆಲಸ ಅಂದುಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ. ನನ್ನ ಪ್ರಕಾರ ಕರೇಜ್ ಉಳಿಯುವುದು ಮೇಲಿನ ಬಯಲಿನಲ್ಲಿ. ಮಳೆ ಇಂಗುವುದು ಅಲ್ಲಿ. ಅಲ್ಲೆಲ್ಲ ಕಾಂಕ್ರೀಟ್ ಹಾಸಿ, ಸುರಂಗದ ಪಕ್ಕದಲ್ಲೇ ಬೋರ್ ಹೊಡೆಸಿದರೆ ಒಳಗೆ ಎಷ್ಟು ಚೊಕ್ಕ ಮಾಡಿದರೂ ನೀರು ಬರುವುದಿಲ್ಲ. ಈಗ ನಮ್ಮ ಅರ್ಧ ಕೆಲಸ ಸರ್ವೆ ನಂಬರ್ ಹಿಡಿದು ಕಚೇರಿ ಸುತ್ತುವುದು. ಬಾವಿಗಳ ಸುತ್ತ ಬಯಲು ಬಿಡಿಸಬೇಕು, ಪ್ಲಾಟ್ ನಕ್ಷೆಯಲ್ಲಿ ಅವನ್ನು ಗುರುತು ಹಾಕಿಸಬೇಕು. ಬೇಸಿಗೆಯಲ್ಲಿ ಮತ್ತೆ ಇಳಿಯುತ್ತೇವೆ. ಬರುವವರು ಹಳೆ ಬಟ್ಟೆ, ಗಂಬೂಟು ತನ್ನಿ. ಹೆಲ್ಮೆಟ್ ನಾವು ಕೊಡುತ್ತೇವೆ.